ಮೂರು ಅಂಕದಿಂದ ಸೋತ ನಮ್ಮನ್ನು ಗೆಲ್ಲಿಸಿದ ಕಮಿಷನರ್ ಅವರಿಗೆ

ಮಾನ್ಯ ಕಮಿಷನರ್ ಅವರೇ,

ತಾವು ನಮಗೆ ಒಂದು ಗೆಲುವನ್ನು ದಯಪಾಲಿಸಿದ್ದೀರಿ. ಅದನ್ನು ಹಿಂತಿರುಗಿಸಲೆಂದೇ ಈ ಪತ್ರ. ಸಣ್ಣ ಕಾಲೇಜುಗಳಿಗಾಗಿ ತಾವು ಹುಟ್ಟುಹಾಕಿದ ಹೊಸ ಅಮೆರಿಕನ್ ಫುಟ್‌ಬಾಲ್ ಡಿವಿಜನ್ನಿನ ಮೊದಲ ಸೀಸನ್ನು ಇದು. ಅದರ ಕೊನೆಯ ಲೀಗ್ ಪಂದ್ಯದಲ್ಲಿ ನನ್ನ ಮಗನ ತಂಡ ಇಪ್ಪತ್ತಕ್ಕೆ ಹದಿನೇಳರಿಂದ ಸೋತಿತು. ಸೋತದ್ದನ್ನು ನಾನು ಮೊದಲ ಸಾಲಿನಲ್ಲಿ ಕೂತು ನೋಡಿದ್ದೇನೆ. ಮುಂದಿನ ಮಂಗಳವಾರ ತಮ್ಮ ವೆಬ್‌ಸೈಟಿನಲ್ಲಿ ನೋಡಿದರೆ ಅದೇ ಪಂದ್ಯವನ್ನು ನಾವು ಒಂದಕ್ಕೆ ಸೊನ್ನೆಯಿಂದ ಗೆದ್ದಿದ್ದೆವು. ಈ ಆಟದಲ್ಲಿ ಅಂಥ ಅಂಕಕ್ಕೆ ಪಂದ್ಯ ಮುಗಿದದ್ದನ್ನು ತನ್ನ ಜನ್ಮದಲ್ಲಿ ಕಂಡಿಲ್ಲ ಎಂದು ನನ್ನ ಮಗ ಹೇಳುತ್ತಾನೆ. ತಾವು ಕಂಡಿದ್ದೀರಿ. ಮೈದಾನಕ್ಕೆ ಬರದೆಯೇ ಕಂಡಿದ್ದೀರಿ ಎಂಬುದು ಇನ್ನೂ ಹೆಚ್ಚಿನ ಸಂಗತಿ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮ ಕನ್ನಡ ಕೂಟದ ಪತ್ರಿಕೆಯವರು ಅಚ್ಚು ಹಾಕಲು ಒಪ್ಪಿದ್ದಾರೆ. ತಮಗೆ ಕನ್ನಡ ಓದಲು ಬಾರದೆಂದು ಬಲ್ಲೆ. ಆದರೆ ಇಂಗ್ಲಿಷಿನಲ್ಲಿ ಕಳಿಸಿದ ಪತ್ರಗಳನ್ನೂ ತಾವು ಓದಿದ ಲಕ್ಷಣವಿಲ್ಲವಾದ್ದರಿಂದ, ಭಾಷೆ ಬದಲಾದರೆ ತಮಗೇನೂ ತೊಂದರೆಯಾಗದು.

ನಾನು ಬಾಗಲಕೋಟೆಯವಳು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯಲ್ಲಿ ಮನೆ. ಗಂಡ ಶಿವಶರಣ ಎಂಜಿನಿಯರು, ನಾನೂ ಎಂಜಿನಿಯರೇ. ಮಗ ಅಜಯನನ್ನು ಈಜಿಗೆ ಕಳಿಸಿದೆವು, ಚೆಸ್ಸಿಗೆ ಕಳಿಸಿದೆವು. ಅವನು ಹೋಗಿ ಸೇರಿದ್ದು ಫುಟ್‌ಬಾಲಿಗೆ. ಅದರಲ್ಲೂ ಅವನದು ಸೆಂಟರ್ ಎಂಬ ಸ್ಥಾನ. ಬಗ್ಗಿ ನಿಂತು, ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದೆ ನಿಂತು ಆಟ ನಡೆಸುವ ಕ್ವಾರ್ಟರ್‌ಬ್ಯಾಕಿಗೆ ಎಸೆಯಬೇಕು. ಎಸೆದ ಮರುಕ್ಷಣ ಎದುರಿನ ದಾಂಡಿಗನನ್ನು ಎದೆಯಿಂದ ತಡೆಯಬೇಕು. ಪ್ರತಿ ಸಲವೂ ಚೆಂಡನ್ನು ಮೊದಲು ಮುಟ್ಟುವವನು ಅವನೇ, ಪ್ರತಿ ಸಲವೂ ಜನ ನೋಡುವುದು ಇನ್ನೊಬ್ಬನನ್ನು. ಎಸೆತ ಸರಿಯಾಗಿದ್ದಷ್ಟು ದಿನ ಸೆಂಟರಿನ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಸೀಸನ್ನಿನ ಉದ್ಘಾಟನೆಗೆ ತಾವು ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರ ಸಭಾಂಗಣದಲ್ಲಿ ಮಾಡಿದ ಭಾಷಣ ನನಗೆ ನೆನಪಿದೆ. ದೊಡ್ಡ ವಿಶ್ವವಿದ್ಯಾಲಯಗಳ ಆಟ ವ್ಯಾಪಾರವಾಗಿದೆ ಎಂದಿರಿ. ಇಲ್ಲಿ ಗೆಲುವಿಗಿಂತ ನಡತೆ ದೊಡ್ಡದು ಎಂದಿರಿ. ನಾನು ಮನಃಪೂರ್ವಕ ಚಪ್ಪಾಳೆ ತಟ್ಟಿದೆ. ನಮ್ಮ ಹುಡುಗರು ಆ ಮಾತನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ಒಂದಾದ ಮೇಲೊಂದರಂತೆ ಎಲ್ಲ ಪಂದ್ಯಗಳನ್ನೂ ಸೋತರು. ಶನಿವಾರ ಸಂಜೆ ಅಜಯ ಮೈತುಂಬ ಐಸ್ ಪ್ಯಾಕು ಕಟ್ಟಿಕೊಂಡು ಸೋಫಾದ ಮೇಲೆ ಬಿದ್ದಿರುವುದು ನಮ್ಮ ಮನೆಯ ವಾರಾಂತ್ಯದ ನೋಟವಾಯಿತು. ಬಿಡು ಅಂದರೆ ಬಿಡುವವನಲ್ಲ. ಒಂದೇ ಒಂದು ಸಲ ಗೆಲ್ಲಬೇಕು ಎನ್ನುತ್ತಿದ್ದ.

ಕೊನೆಯ ಪಂದ್ಯ ನಮ್ಮದೇ ಮೈದಾನದಲ್ಲಿತ್ತು. ಎದುರಾಳಿಗಳು ಗುಡ್ಡಸಾಲಿನಾಚೆಯ ವ್ಯಾಲಿ ಕಡೆಯ ಕಾಲೇಜಿನವರು. ನಮ್ಮನ್ನು ಸೋಲಿಸಿದರೆ ಅವರಿಗೆ ಫೈನಲ್. ನಮಗೆ ಗೆದ್ದರೂ ಎಲ್ಲಿಗೂ ಹೋಗುವುದಿರಲಿಲ್ಲ. ಆಟ ಶುರುವಾಗಬೇಕಾದ ಹೊತ್ತಿಗೆ ಅವರ ಬಸ್ಸು ಬರಲಿಲ್ಲ. ಫೋನು ಬಂತು. ಲಿವರ್‌ಮೋರ್ ಹತ್ತಿರ ಎಂಜಿನ್ನು ಕಾದು ಹೊಗೆಯೆದ್ದು, ಫ್ರೀವೇಯಿಂದ ಹೇಗೋ ಇಳಿದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಂತಿದ್ದಾರೆ. ಬೇರೆ ಬಸ್ಸು ಸಿಗುತ್ತಿಲ್ಲ. ಮೈದಾನದಲ್ಲಿದ್ದ ತಮ್ಮ ಪ್ರತಿನಿಧಿ ನಿಯಮ ವಿವರಿಸಿದರು. ಇನ್ನರ್ಧ ಗಂಟೆಯಲ್ಲಿ ಅವರು ಬಾರದಿದ್ದರೆ ಗೆಲುವು ನಮ್ಮದು. ಆಡುವ ಅಗತ್ಯವೇ ಇಲ್ಲ. ಆ ಮನುಷ್ಯ ಮುಂಗಡವಾಗಿಯೇ ನಮ್ಮ ಕೋಚಿನ ಕೈ ಕುಲುಕಿದರು.

ಕೋಚು ಹುಡುಗರನ್ನು ಸುತ್ತ ಸೇರಿಸಿ, ನಿರ್ಧಾರ ನಿಮ್ಮದು ಎಂದರು. ಕೆಲವರಿಗೆ ಆ ಗೆಲುವು ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ನನಗೂ ಬೇಕಿತ್ತು. ಮಗನಿಗೆ ಇನ್ನೊಂದು ಶನಿವಾರದ ಏಟು ತಪ್ಪಿದರೆ ಯಾವ ತಾಯಿ ಬೇಡವೆಂದಾಳು? ಅಜಯ ಬೇಲಿಯ ಹತ್ತಿರ ನಮ್ಮ ಬಳಿ ಬಂದು ಅಪ್ಪನನ್ನು ಕೇಳಿದ:

“ಅಪ್ಪಾ, ವ್ಯಾನ್‌ನಲ್ಲಿ ಎಷ್ಟು ಜನ ಹಿಡೀತಾರೆ?”

“ಯಾರನ್ನ ತರಾಕಪಾ?”

“ಅವರನ್ನ. ದೇ ಕೇಮ್ ಟು ಪ್ಲೇ.”

ಹುಡುಗರು ಆಡುವುದೆಂದೇ ತೀರ್ಮಾನಿಸಿದ್ದರು. ತಮ್ಮ ಪ್ರತಿನಿಧಿ ನಮ್ಮೆಲ್ಲರ ಎದುರೇ ತಮ್ಮ ಕಚೇರಿಗೆ ಫೋನು ಮಾಡಿದರು. ಕಾಯುವುದು ಬಿಡುವುದು ಆತಿಥೇಯರ ವಿವೇಚನೆಗೆ ಬಿಟ್ಟದ್ದು ಎಂಬ ಉತ್ತರ ಬಂತು. ಅದನ್ನು ಅವರೇ ಗಟ್ಟಿಯಾಗಿ ಎಲ್ಲರಿಗೂ ಹೇಳಿದರು. ನಮ್ಮ ತಂಡದ ತಂದೆತಾಯಿಗಳ ಮಿನಿವ್ಯಾನು, ಪಿಕಪ್ ಟ್ರಕ್ಕುಗಳೆಲ್ಲ ಸಾಲಾಗಿ ಹೊರಟವು. ನಾನೂ ಶಿವಶರಣನೂ ಹೋದೆವು. ಗ್ಯಾಸ್ ಸ್ಟೇಷನ್ನಿನ ಕಟ್ಟೆಯ ಮೇಲೆ ಆ ಹುಡುಗರು ಅರ್ಧ ಸಮವಸ್ತ್ರದಲ್ಲಿ ಕೂತಿದ್ದರು. ನಮ್ಮ ವ್ಯಾನಿಗೆ ಐದು ಜನ ಏರಿದರು. ವ್ಯಾನು ನೆಲಕ್ಕೆ ಕುಸಿದಂತಾಯಿತು. ಅವರಲ್ಲೊಬ್ಬ ಎಸ್ತೇಬಾನ್. ಕೊನೆಯ ವರ್ಷದವನು, ಅಜಯನ ಎದುರಿಗೇ ನಿಲ್ಲಬೇಕಾದ ದಾಂಡಿಗ. ನಾನು ಕೊಟ್ಟ ಶೇಂಗಾ ಹೋಳಿಗೆಯನ್ನು ಅನುಮಾನದಿಂದ ಮೂಸಿ, ಆಮೇಲೆ ಡಬ್ಬಿಯನ್ನೇ ತೊಡೆಯ ಮೇಲಿಟ್ಟುಕೊಂಡ. ನೀವು ಯಾಕೆ ಬಂದಿರಿ ಎಂದು ಕೇಳಿದ. ನಮ್ಮ ಹುಡುಗರಿಗೆ ಆಡಬೇಕಂತೆ ಎಂದೆ. ಇನ್ನೊಂದು ಹೋಳಿಗೆ ಮುರಿಯುತ್ತಾ, ನಾವಾಗಿದ್ದರೆ ಆ ಗೆಲುವು ತಗೊಂಡುಬಿಡುತ್ತಿದ್ದೆವು, ಆಂಟಿ ಎಂದ. ಅವನ ಪ್ರಾಮಾಣಿಕತೆ ನನಗೆ ಹಿಡಿಸಿತು. ಅದನ್ನು ತಮ್ಮ ಕಚೇರಿಗೆ ಸ್ವಲ್ಪ ಕಳಿಸಿಕೊಡುವ ವ್ಯವಸ್ಥೆ ಇದ್ದಿದ್ದರೆ ಕಳಿಸುತ್ತಿದ್ದೆ.

ಪಂದ್ಯ ತಡವಾಗಿ ಶುರುವಾಯಿತು. ಅದೇ ರೆಫರಿಗಳು, ಅದೇ ಗಡಿಯಾರ, ತಮ್ಮ ಪ್ರತಿನಿಧಿಯೂ ಅಲ್ಲೇ. ಆ ದಿನ ನಮ್ಮವರು ಆಡಿದಂತೆ ಇಡೀ ಸೀಸನ್ನಿನಲ್ಲಿ ಆಡಿರಲಿಲ್ಲ. ಆಟ ಮುಗಿಯಲು ಬಂದಾಗಲೂ ನಾವು ಹದಿನೇಳು, ಅವರು ಹದಿಮೂರು. ಚೆಂಡು ನಮ್ಮ ಕೈಯಲ್ಲಿತ್ತು, ಆದರೆ ನಮ್ಮದೇ ಗೋಲ್ ಗೆರೆಯ ಹತ್ತಿರ ಸಿಕ್ಕಿಕೊಂಡಿದ್ದೆವು. ಅಜಯ ಬಗ್ಗಿದ. ಚೆಂಡು ಎಸೆದ. ಅದು ಕ್ವಾರ್ಟರ್‌ಬ್ಯಾಕಿನ ತಲೆಯ ಮೇಲಿಂದ ಹಾರಿ, ಗೆರೆ ದಾಟಿ ಹಿಂದೆ ಬಿತ್ತು. ಎಲ್ಲರಿಗಿಂತ ಮೊದಲು ಅದರ ಮೇಲೆ ಬಿದ್ದವನು ಎಸ್ತೇಬಾನ್. ಗೆರೆಯಾಚೆ ಚೆಂಡು ಅವರ ಕೈಸೇರಿದರೆ ಟಚ್‌ಡೌನು: ಅವರಿಗೆ ಆರು ಅಂಕ, ಮೇಲೊಂದು ಒದೆತಕ್ಕೆ ಇನ್ನೊಂದು. ಅಲ್ಲಿಗೆ ಮುಗಿಯಿತು. ಅಜಯ ಮೊಣಕಾಲೂರಿ ಕೂತವನು ಬೇಗ ಏಳಲಿಲ್ಲ. ಸ್ಟ್ಯಾಂಡಿನಲ್ಲಿ ಯಾರೋ ಅವನ ಹೆಸರು ಕೇಳುತ್ತಿದ್ದರು.

ಬಸ್ಸು ಇನ್ನೂ ಕೆಟ್ಟೇ ಇತ್ತು, ಬೇರೆ ಬಸ್ಸು ಅದು ನಿಂತಲ್ಲಿಗೇ ಬರುವುದಿತ್ತು. ಹೀಗಾಗಿ ಗೆದ್ದವರನ್ನು ಸೋತವರೇ ಗ್ಯಾಸ್ ಸ್ಟೇಷನ್ನಿಗೆ ವಾಪಸ್ ಬಿಡಬೇಕಾಯಿತು. ಈ ಸಲ ಅಜಯ ಮುಂದಿನ ಸೀಟಿನಲ್ಲಿದ್ದ, ಕಿಟಕಿಯ ಕಡೆ ಮುಖ ಮಾಡಿ. ಹಿಂದಿನಿಂದ ಎಸ್ತೇಬಾನ್, ಕಾಲೇಜಿನ ನಾಲ್ಕು ವರ್ಷದಲ್ಲಿ ತಾನು ಹೊಡೆದ ಒಂದೇ ಟಚ್‌ಡೌನು ಇದು ಎಂದ. ಸ್ವಲ್ಪ ಹೊತ್ತಿನ ಮೇಲೆ, ಪಾಸು ಬಹಳ ಚೆನ್ನಾಗಿತ್ತು ಎಂದು ಸೇರಿಸಿದ. ಮೊದಲು ನಕ್ಕವನು ಅಜಯನೇ. ದಾರಿಯುದ್ದಕ್ಕೂ ಆ ಹುಡುಗರು ನಕ್ಕದ್ದು ಏನು, ಮಾತಾಡಿದ್ದೇನು. ತಾವು ಹೋಟೆಲಿನಲ್ಲಿ ವರ್ಣಿಸಿದ ಆ ದೊಡ್ಡ ನಡತೆ ನಮ್ಮ ವ್ಯಾನಿನಲ್ಲಿ ಬೆವರು ನಾರುತ್ತಾ ಕೂತಿತ್ತು, ಮಾನ್ಯರೇ. ತಾವು ಗುರುತು ಹಿಡಿಯುತ್ತಿದ್ದಿರೋ ಇಲ್ಲವೋ.

ಮಂಗಳವಾರ ತಮ್ಮ ತೀರ್ಪು ಬಂತು. ವ್ಯಾಲಿಯವರು ಸಮಯಕ್ಕೆ ಬಾರದ ಕಾರಣ ಪಂದ್ಯ ನಡೆದಿಲ್ಲ, ಮೈದಾನದಲ್ಲಿ ನಡೆದದ್ದು ‘ಅನೌಪಚಾರಿಕ ಅಭ್ಯಾಸ’, ಗೆಲುವು ನಮಗೆ. ಫೋನಿನಲ್ಲಿ ಕೊಟ್ಟ ಅನುಮತಿ ಬರಹದಲ್ಲಿ ಇರಲಿಲ್ಲವಾದ್ದರಿಂದ ಅದೂ ಇರಲಿಲ್ಲ. ವ್ಯಾಲಿಯವರ ಜಾಗದಲ್ಲಿ ಫೈನಲಿಗೆ ಹೋದ ಕಾಲೇಜು, ಹೊಸ ಸ್ಟೇಡಿಯಮ್ಮಿನಲ್ಲಿ ಫೈನಲ್ ನಡೆಸಲು ಮೊದಲೇ ಒಪ್ಪಿಕೊಂಡಿದ್ದ ಕಾಲೇಜೇ ಆಗಿದ್ದುದು ಕೇವಲ ಕಾಕತಾಳೀಯ ಎಂದು ನಂಬಲು ನಾನು ಪ್ರಯತ್ನಪಡುತ್ತಿದ್ದೇನೆ. ದಿನವೂ ಬೆಳಿಗ್ಗೆ ಎದ್ದು ಪ್ರಯತ್ನಪಡುತ್ತೇನೆ.

ವ್ಯಾಲಿಯವರು ಮೇಲ್ಮನವಿ ಸಲ್ಲಿಸಿದರು. ನಿಯಮ ಮುರಿದವರಿಗೆ ಮೇಲ್ಮನವಿಯ ಹಕ್ಕಿಲ್ಲ ಎಂದಿರಿ. ನಮ್ಮ ಕೋಚು ಸಲ್ಲಿಸಿದರು. ಗೆದ್ದವರಿಗೆ ಅನ್ಯಾಯವೇ ಆಗಿಲ್ಲವಾದ್ದರಿಂದ ಅವರಿಗೂ ಹಕ್ಕಿಲ್ಲ ಎಂದಿರಿ. ಸೋತವನೂ ಕೇಳಬಾರದು, ಗೆದ್ದವನೂ ಕೇಳಬಾರದು. ಹಾಗಾದರೆ ಕೇಳಬೇಕಾದವರು ಯಾರು? ಕೆಟ್ಟು ನಿಂತ ಬಸ್ಸೇ?

ತೀರ್ಪು ಬಂದ ದಿನ ನಾನು ದಡ್ಡತನದಿಂದ ಮಗನಿಗೆ, ಹೋಗಲಿ ಬಿಡು, ನಿನ್ನ ತಪ್ಪು ಅಳಿಸಿಹೋಯಿತಲ್ಲ ಎಂದೆ. ಅವನು ನನ್ನನ್ನು ನೋಡಿದ ರೀತಿಗೆ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ.

“ಅಮ್ಮಾ, ಐ ಮೆಸ್ಡ್ ಅಪ್. ನಂಗೊತ್ತು. ಆದ್ರೆ ಇಟ್ ಹ್ಯಾಪನ್ಡ್. ಅದು ಆಗೇ ಇಲ್ಲ ಅಂತ ಅವರು ಹೇಗೆ ಹೇಳ್ತಾರೆ? ಎಸ್ತೇಬಾನ್‌ಗೆ ಏನು ಹೇಳ್ಲಿ?”

ಇದಕ್ಕೆ ಉತ್ತರ ತಮ್ಮ ಬಳಿ ಇದ್ದರೆ ತಿಳಿಸಿ. ಫೈನಲ್ ಮುಗಿಯಿತು, ಸ್ಟೇಡಿಯಮ್ಮಿನವರು ಗೆದ್ದರು, ಪಟಾಕಿ ಹಾರಿತು. ಎಸ್ತೇಬಾನ್ ಇನ್ನು ಆಡುವುದಿಲ್ಲ. ಅವನ ವರ್ಷಗಳು ಮುಗಿದವು. ಅವನೂ ಅಜಯನೂ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ, ಅಷ್ಟೇ ಉಳಿದದ್ದು. ಈಗ ತಾವು ವಾರ್ಷಿಕ ಸಮಾರಂಭಕ್ಕೆ ನಮ್ಮ ತಂಡವನ್ನು ಕರೆದಿದ್ದೀರಿ. ‘ಚೊಚ್ಚಲ ಗೆಲುವು’ ಎಂದು ಕೆತ್ತಿಸಿದ ಫಲಕ ಕೊಡುತ್ತೀರಂತೆ. ಹುಡುಗರೆಲ್ಲ ಸೇರಿ ಬರುವುದಿಲ್ಲವೆಂದು ತೀರ್ಮಾನಿಸಿದ್ದಾರೆ. ಅಂದು ಗೆಲುವು ಬೇಕೆಂದಿದ್ದವರೂ ಸೇರಿ.

ಆದ್ದರಿಂದ ನನ್ನ ಬೇಡಿಕೆ. ಫೈನಲನ್ನು ಮತ್ತೆ ಆಡಿಸಿ ಎಂದು ಕೇಳುವುದಿಲ್ಲ, ಅದು ತಮ್ಮ ಶಕ್ತಿಗೆ ಮೀರಿದ್ದು. ಮೊದಲ ಸೀಸನ್ನಿನ ದಾಖಲೆಯನ್ನು ಮುಚ್ಚುವ ಮುನ್ನ ಆ ಪಂದ್ಯವನ್ನು ಅದರಲ್ಲಿ ಸೇರಿಸಿ. ವ್ಯಾಲಿಯವರು ಇಪ್ಪತ್ತು, ನಾವು ಹದಿನೇಳು ಎಂದು ಬರೆಯಿರಿ. ಟಚ್‌ಡೌನು ಎಸ್ತೇಬಾನನದು ಎಂದು ಬರೆಯಿರಿ. ಕೆಟ್ಟ ಎಸೆತ ಅಜಯನದು ಎಂದೂ ಬರೆಯಿರಿ. ಹೆಸರಿನ ಕಾಗುಣಿತ ತಪ್ಪದಿರಲಿ.

ಇಂತಿ,
ಒಂದೂ ಪಂದ್ಯ ಗೆಲ್ಲದ ತಂಡದ ಸೆಂಟರಿನ ತಾಯಿ,
ಭುವನೇಶ್ವರಿ
ಯೂನಿಯನ್ ಸಿಟಿ