ಅಪ್ಪನ ಪದ್ಮಿನಿಯ ಸ್ಟೇರಿಂಗ್ ಬಾಕ್ಸ್

ದಾವಣಗೆರೆ
9 ಮಾರ್ಚ್ 2024, ಶನಿವಾರ

ಪ್ರೀತಿಯ ತಂಗಿ ರೂಪಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಹುಮನಾಬಾದಿನಲ್ಲಿ ಬಿಸಿಲು ಈಗಲೇ ಶುರುವಾಗಿರಬೇಕು. ಶಾಲೆ ಬಿಟ್ಟ ಮೇಲೆ ಬಸ್ಸಿಗೆ ನಿಲ್ಲುವಾಗ ತಲೆಗೆ ಸೆರಗು ಹೊದ್ದುಕೋ. ನೂರು ಮಕ್ಕಳಿಗೆ ಬುದ್ಧಿ ಹೇಳುವ ಟೀಚರಿಗೆ ಅಣ್ಣ ಇದನ್ನೂ ಹೇಳಬೇಕೇ ಎಂದು ನಗಬೇಡ. ನಾನು ಚೆನ್ನಾಗಿದ್ದೇನೆ. ಸಕ್ಕರೆ ಹತೋಟಿಯಲ್ಲಿದೆ, ಅಂಗಡಿ ನಡೆಯುತ್ತಿದೆ. ನಿನ್ನೆ ಶಿವರಾತ್ರಿ ಅಲ್ಲವೇ, ಉಪವಾಸ ಮಾಡಿದೆ. ಮದುವೆಯಾಗದೆ ಉಳಿದವನ ಮನೆಯಲ್ಲಿ ಉಪವಾಸಕ್ಕೂ ಊಟಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಒಬ್ಬನಿಗಾಗಿ ಕುಕ್ಕರ್ ಇಡುವುದನ್ನು ಬಿಟ್ಟು ಬಹಳ ದಿನವಾಯಿತು. ಖಾನಾವಳಿಯಿಂದ ಎರಡು ರೊಟ್ಟಿ ತಂದು ರೇಡಿಯೋ ಹಾಕಿಕೊಂಡು ತಿನ್ನುತ್ತೇನೆ. ಮನೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನಿಸಲಿ ಎಂದಷ್ಟೇ.

ಫೋನ್ ಇರುವಾಗ ಕಾಗದವೇಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ' ದಾಟಿ ಮುಂದೆ ಹೋಗಿದ್ದು ಯಾವಾಗ, ಹೇಳು? ನೀನು 'ಹ್ಞೂಂ ಅಣ್ಣ' ಅನ್ನುತ್ತೀಯ, ನಾನು 'ಸರಿ ಮತ್ತೆ' ಅನ್ನುತ್ತೇನೆ. ಅದಕ್ಕೇ ಇದು. ಇದರ ಜೊತೆ ಒಂದು ಫಾರಂ ಇಟ್ಟಿದ್ದೇನೆ. ಅಪ್ಪನ ಪದ್ಮಿನಿ ಕಾರು ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಅದನ್ನು ಮಾರಬೇಕಾದರೆ ಮಕ್ಕಳಿಬ್ಬರ ಸಹಿಯೂ ಬೇಕಂತೆ. ಹಳೇ ಕಾರುಗಳ ಹುಚ್ಚಿರುವ ರೌಫ್ ಎಂಬುವವರು ಇಲ್ಲೇ ಪೇಟೆಯಲ್ಲಿ ಇದ್ದಾರೆ. ಜನವರಿಯಲ್ಲಿ ಒಂದು ದಿನ ಮನೆಗೆ ಬಂದು, ಶೆಡ್ಡಿನ ತಾಡಪತ್ರಿ ಎತ್ತಿಸಿ ನೋಡಿದರು. ಜಜ್ಜಿದ ಮೂತಿಯನ್ನು ತಾವೇ ಸರಿಮಾಡಿಸಿಕೊಳ್ಳುತ್ತಾರಂತೆ. 'ಸ್ಟೇರಿಂಗ್ ಒಂದು ತಿರುಗೋ ಹಂಗೆ ಮಾಡ್ಸಿ ಕೊಡ್ರಿ ಸಾಕು, ಅದು ಕಲ್ಲು ಹಿಡಿದಂಗೆ ಹಿಡಿದೈತೆ' ಅಂದರು.

ಹಾಗಾಗಿ ಒಂಬತ್ತು ವರ್ಷದ ಮೇಲೆ ಗಾಡಿಯನ್ನು ಲಾರಿಗೆ ಏರಿಸಿ ಹರಿಹರಕ್ಕೆ ಒಯ್ದೆ, ಜಾಫರ್ ಸಾಬರ ಗ್ಯಾರೇಜಿಗೆ. ನಿನಗೆ ನೆನಪಿರಬೇಕು, ಅಪ್ಪ ಅವರ ಹೊರತು ಬೇರೆ ಯಾರಿಗೂ ಬಾನೆಟ್ ಎತ್ತಲು ಬಿಡುತ್ತಿರಲಿಲ್ಲ. ಈಗ ಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿದೆ, ಕಿವಿ ಸ್ವಲ್ಪ ಮಂದ. ಅವರ ಮನೆಯಾಕೆ ಸುಗ್ರಾಬಿ ಒಳಗಿನಿಂದ ಚಹಾ ಕಳಿಸಿ ನಿನ್ನನ್ನೇ ಮೊದಲು ಕೇಳಿದರು, 'ಟೀಚರಮ್ಮ ಹೆಂಗಿದ್ದಾಳೆ, ಯಾಕ ಈ ಕಡೆ ಬರಾದೇ ಇಲ್ಲ' ಎಂದು. ದೂರ ಆಗುತ್ತದೆ ಎಂದು ಹೇಳಿದೆ.

ಕೆಲಸಕ್ಕೆ ಹನ್ನೆರಡು ದಿನ ಹಿಡಿಯಿತು. ನಾನು ಮಧ್ಯಾಹ್ನವೇ ಅಂಗಡಿ ಮುಚ್ಚಿ ಹರಿಹರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ನಾನು ಮಾಡುವುದೇನೂ ಇರಲಿಲ್ಲ, ಟಾರ್ಚ್ ಹಿಡಿಯುವುದು ಬಿಟ್ಟರೆ. ಆದರೂ ಒಬ್ಬರು ಕೆಲಸ ಮಾಡುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರುವುದು ಮನೆಯ ರೇಡಿಯೋಗಿಂತ ಎಷ್ಟೋ ಹಿತವಾಗಿತ್ತು. ಸ್ಟೇರಿಂಗ್ ಬಾಕ್ಸನ್ನು ಗಾಡಿಯ ಚಾಸಿಗೆ ಬಿಗಿದಿದ್ದ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಅವನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿಚ್ಚುವುದಕ್ಕೇ ಎರಡು ದಿನ. ತೆಂಗಿನಕಾಯಿ ಗಾತ್ರದ ಕಬ್ಬಿಣದ ಡಬ್ಬಿ ಅದು. ಒಳಗೆ ಸ್ಕ್ರೂ ತರಹ ಸುತ್ತಿಕೊಂಡ ಒಂದು ದಂಡ, ಅದರ ಮೇಲೆ ಹಲ್ಲಿನ ಒಂದು ಉರುಳೆ. ನಾವು ಸ್ಟೇರಿಂಗ್ ತಿರುಗಿಸಿದರೆ ದಂಡ ತಿರುಗಿ ಉರುಳೆಯನ್ನು ದೂಡುತ್ತದೆ, ಅದರಿಂದ ಚಕ್ರ ಹೊರಳುತ್ತದೆ. ಇಷ್ಟು ವರ್ಷ ಅದೇ ಗಾಡಿಯಲ್ಲಿ ಕೂತು ಓಡಾಡಿದರೂ ನನಗೆ ಇದು ಗೊತ್ತಿರಲಿಲ್ಲ.

ಮುಚ್ಚಳ ತೆಗೆದು ಒಳಗಿನ ಹಳೇ ಎಣ್ಣೆಯನ್ನು ತಟ್ಟೆಗೆ ಬಗ್ಗಿಸಿದಾಗ ಅದು ಕಾಕಂಬಿಯ ಹಾಗೆ ಇಳಿಯಿತು. ಜಾಫರ್ ಸಾಬರು ಬಾಕ್ಸಿನೊಳಗೆ ಬೆರಳಾಡಿಸಿದರು. ಸ್ಕ್ರೂಡ್ರೈವರ್ ತೂರಿಸಿ ಏನನ್ನೋ ಮೀಟಿ ತೆಗೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈ ಮೇಲಿಟ್ಟರು. ಉಗುರಿನಷ್ಟು ದೊಡ್ಡ ಉಕ್ಕಿನ ಚೂರು. ಉರುಳೆಯ ಹಲ್ಲು ಮುರಿದು ದಂಡದ ಸಂದಿನಲ್ಲಿ ಸಿಕ್ಕಿಕೊಂಡಿತ್ತು.

'ಅವತ್ತು ತಿರುವಿನಾಗೆ ಇದು ಸಿಗಾಕ್ಕೊಂಡೈತೆ. ಭೀಮ ಕೂತಿದ್ರೂ ಗಾಡಿ ತಿರುಗ್ತಿರಲಿಲ್ಲ. ಆ ಹೆಣ್ಣುಮಗಳು ಏನು ಮಾಡ್ತಾಳ್ರಿ' ಅಂದರು.

ರೂಪಾ, ಚಿಕ್ಕಪ್ಪನ ಮಗಳ ಮದುವೆಯಿಂದ ಮನೆಗೆ ಬರುವಾಗ ಕೊಕ್ಕನೂರಿನ ಹತ್ತಿರ ನಾಲೆಯ ತಿರುವಿನಲ್ಲಿ ಗಾಡಿ ನೆಟ್ಟಗೆ ಹೋಗಿ ಜಾಲಿಮರಕ್ಕೆ ಬಡಿದು, ಅಪ್ಪನ ಸೊಂಟ ಮುರಿದ ದಿನ, ಆಸ್ಪತ್ರೆಯ ವರಾಂಡದಲ್ಲಿ ನೀನು ಒಂದೇ ಮಾತು ಹೇಳುತ್ತಿದ್ದೆ. 'ನಾ ತಿರುಗಿಸಿದೆ ಅಣ್ಣ, ಅದು ಹಿಡ್ಕೊಂಬಿಡ್ತು.' ಯಾರೂ ನಂಬಲಿಲ್ಲ. ಕಲ್ಲೇಶಪ್ಪ ಚಿಕ್ಕಪ್ಪ ನಿನ್ನ ಎದುರಿಗೇ 'ಹೆಣ್ಣುಹುಡುಗಿ ಕೈಗೆ ಗಾಡಿ ಕೊಟ್ರೆ ಇನ್ನೇನಾಗ್ತೈತೆ' ಅಂದರು. ಅಪ್ಪ ಎರಡು ವರ್ಷ ಮಲಗಿದಲ್ಲೇ ಇದ್ದು ಹೋದರು. ಹನ್ನೊಂದನೇ ದಿನ ಬಡಿಸುವಾಗ ನೀನು ಹಿಡಿದಿದ್ದ ಪಾತ್ರೆಯನ್ನು ಯಾರೋ ಮೆಲ್ಲಗೆ ಕೈಯಿಂದ ತೆಗೆದುಕೊಂಡರಲ್ಲ, ಅದನ್ನೂ ನಾನು ನೋಡಿದ್ದೆ. ಮರುವಾರ ನೀನು ಹುಮನಾಬಾದಿಗೆ ವರ್ಗ ಕೇಳಿದೆ, ಸಿಕ್ಕ ಕೂಡಲೇ ಹೋದೆ. ಆಮೇಲೆ ಈ ಮನೆಯ ಮೆಟ್ಟಿಲು ಹತ್ತಿಲ್ಲ, ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಿಲ್ಲ.

ತಪ್ಪು ನಿನ್ನದಲ್ಲ. ಇದನ್ನು ಈಗ ಮುರಿದ ಉಕ್ಕೇ ಹೇಳುತ್ತಿದೆ.

ಹೊಸ ದಂಡ, ಉರುಳೆ ಹುಬ್ಬಳ್ಳಿಯ ಒಂದು ಹಳೇ ಅಂಗಡಿಯಲ್ಲಿ ಸಿಕ್ಕವು, ಇನ್ನೂ ಗ್ರೀಸ್ ಕಾಗದದಲ್ಲೇ ಸುತ್ತಿಟ್ಟಿದ್ದವು. ಬೇರಿಂಗ್, ಆಯಿಲ್ ಸೀಲ್ ಎಲ್ಲ ಹೊಸವು. ಮುಚ್ಚಳದ ಕೆಳಗೆ ಕಾಗದದಷ್ಟು ತೆಳು ತಗಡು ಇಡುತ್ತಾ, ತೆಗೆಯುತ್ತಾ, ಬಿಗಿಯೂ ಆಗದೆ ಸಡಿಲವೂ ಆಗದೆ ತಿರುಗುವವರೆಗೂ ಜಾಫರ್ ಸಾಬರು ಬಿಡಲಿಲ್ಲ. ಮೊನ್ನೆ ಗುರುವಾರ ಹೊಸ ಬ್ಯಾಟರಿ, ಟೈರು ಹಾಕಿಸಿ ಕಡರನಾಯಕನಹಳ್ಳಿಯವರೆಗೆ ಓಡಿಸಿ ನೋಡಿದೆವು. ಎರಡು ಬೆರಳಿಗೆ ತಿರುಗುತ್ತದೆ. ಇನ್ನು ಚಕ್ರದ ಅಲೈನ್‌ಮೆಂಟ್ ಒಂದು ಬಾಕಿ ಇರುವುದರಿಂದ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದೇನೆ.

ಫಾರಂ ಕಳಿಸಲು ಅವಸರವಿಲ್ಲ. ಮಾರುವುದು ಬೇಡ ಎಂದು ನಿನಗೆ ಅನ್ನಿಸಿದರೆ ರೌಫ್ ಅವರಿಗೆ ನಾನೇ ಹೇಳುತ್ತೇನೆ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ತಪ್ಪಿಸಬೇಡ. ನಿನ್ನ ಜೊತೆ ಇರುವ ಟೀಚರಿಗೆ ನನ್ನ ನಮಸ್ಕಾರ ಹೇಳು. ಬಕ್ಕೇಶ್ವರಸ್ವಾಮಿ ನಿನಗೆ ಒಳ್ಳೆಯದನ್ನೇ ಮಾಡಲಿ.

ನಿನ್ನ ಅಣ್ಣ,
ಬಕ್ಕೇಶ್

ಮರೆತ ಮಾತು: ಸೋಮವಾರ ಬೆಳಗ್ಗೆ. ಮರೆತದ್ದು ಅಂತ ಬರೆದೆ, ಅದು ಸುಳ್ಳು. ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಚಿಕ್ಕಪ್ಪನ ಮಗಳ ಮದುವೆಗೆ ಎರಡು ವಾರ ಮುಂಚೆ ಜಾಫರ್ ಸಾಬರು ನನಗೆ ಹೇಳಿದ್ದರು, 'ಬಾಕ್ಸ್ ಹೋಗೈತೆ, ಬಿಚ್ಚಿ ಕಟ್ಟಬೇಕು, ಓಡಿಸಬ್ಯಾಡ್ರಿ' ಎಂದು. ಮದುವೆ ಓಡಾಟ ಮುಗಿಯಲಿ ಅಂದುಕೊಂಡೆ. ಅಪ್ಪನಿಗೂ ಹೇಳಲಿಲ್ಲ. ಮದುವೆಯ ಮನೆಯಲ್ಲಿ ಸ್ನೇಹಿತರ ಜೊತೆ ಉಳಿಯುವ ಆಸೆಗೆ, ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗು ಎಂದು ಕೀಲಿಯನ್ನು ನಿನ್ನ ಕೈಗೆ ಕೊಟ್ಟವನು ನಾನೇ. ಆಮೇಲೆ ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ನಿನ್ನೆ ಬಸ್ಸಿನಲ್ಲಿ ಮಲೆಬೆನ್ನೂರಿಗೆ ಹೋಗಿ ಚಿಕ್ಕಪ್ಪನ ಮನೆಯಲ್ಲಿ ಎಲ್ಲರೆದುರು ಇಷ್ಟನ್ನೂ ಹೇಳಿದೆ. ಚಿಕ್ಕಪ್ಪ 'ಅಷ್ಟು ವರ್ಷ ಆ ಹುಡುಗೀನ ನೋಡ್ಕಂತ ಹೆಂಗಿದ್ದಿಯಪ್ಪ' ಎಂದಷ್ಟೇ ಕೇಳಿ ಎದ್ದು ಒಳಗೆ ಹೋದರು. ಊಟದ ಹೊತ್ತಾಗಿತ್ತು. ಯಾರೂ ಎದ್ದು ಹೋಗು ಅನ್ನಲಿಲ್ಲ, ಊಟಕ್ಕೆ ಕೂಡು ಅಂತಲೂ ಅನ್ನಲಿಲ್ಲ. ಬಸ್ ನಿಲ್ದಾಣಕ್ಕೆ ಬಂದು ಕೂತೆ. ಪರಿಚಯದವರು ಇಬ್ಬರು ಎದುರಿಗೇ ಹೋದರು, ಮಾತಾಡಿಸಲು ನನಗೇ ಧೈರ್ಯವಾಗಲಿಲ್ಲ. ಬಸ್ಸು ಬರುವುದಕ್ಕೆ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯೇ ನನಗೆ ಅಷ್ಟು ಉದ್ದವಾಯಿತಲ್ಲ, ರೂಪಾ, ನಿನಗೆ ಒಂಬತ್ತು ವರ್ಷ ಎಷ್ಟಾಗಿತ್ತು ಎಂದು ಅಲ್ಲಿ ಕೂತಾಗ ತಿಳಿಯಿತು. ಉತ್ತರ ಬರೆಯಲೇಬೇಕೆಂದಿಲ್ಲ.