ಒಮ್ಮೆಯೂ ಹಚ್ಚದ ದೀಪ

ರೀ,

ಝುಣಕಾ ಫ್ರಿಜ್‌ನಲ್ಲಿದೆ, ರೊಟ್ಟಿ ಡಬ್ಬಿಯಲ್ಲಿವೆ. ನಾನು ಡ್ಯೂಟಿ ಮುಗಿಸಿ ಬರುವುದು ತಡವಾಗುತ್ತದೆ.

ನಿಮ್ಮ ಊರಿನಿಂದ ತಂದ ಗುಲಾಬಿ ಗಾಜಿನ ದೀಪವನ್ನು ಇನ್ನು ತಿಕ್ಕಬೇಡಿ. ಅಮಾವಾಸ್ಯೆ ಅಂತ ಹುಣಸೆಹಣ್ಣು ಹಚ್ಚಿ ಅರ್ಧ ಬುಡವನ್ನು ಫಳಫಳ ಮಾಡಿಟ್ಟಿದ್ದೀರಿ. ಹಿತ್ತಾಳೆಯ ವಯಸ್ಸು ಹೇಳುವುದು ಆ ಕಪ್ಪೇ ಅಂತೆ! ಇಲ್ಲೇ ಅಬುಧಾಬಿಯ ಖಾಲಿದಿಯಾದಲ್ಲಿ ಹಳೆಯ ಸಾಮಾನು ಮಾರುವವರು ಫೋಟೊ ನೋಡಿ ಹಣೆ ಚಚ್ಚಿಕೊಂಡರು. ಆದರೂ ದೀಪ ಅಸಲಿಯೇ ಅಂದರು. ಗಾಜಿನೊಳಗೆ ಸಣ್ಣ ಗುಳ್ಳೆಗಳಿವೆ, ಊದಿ ಮಾಡಿದ ಗಾಜಂತೆ.

ಬತ್ತಿ ಹಾಯುವ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಲು ಹೇಳಿದ್ದರು. ನೋಡಿದೆವು. ಮಸಿ ಇಲ್ಲ, ಎಣ್ಣೆಯ ಜಿಡ್ಡೂ ಇಲ್ಲ. ಈ ದೀಪ ಹುಟ್ಟಿದಾಗಿನಿಂದ ಒಮ್ಮೆಯೂ ಉರಿದಿಲ್ಲ! ಅಂಥದ್ದಕ್ಕೆ ಬೆಲೆ ದುಪ್ಪಟ್ಟಂತೆ.

ಅಲ್ರೀ, "ಇದರ ಬೆಳಕಿನ್ಯಾಗ ಓದಿ ಎಸ್ಸೆಸ್ಸೆಲ್ಸಿ ಪಾಸಾಗೇನಿ" ಅಂತ ಮಗಳಿಗೆ ವರ್ಷಗಟ್ಟಲೆ ಹೇಳಿದಿರಲ್ಲ? ಟಾರ್ಚ್ ಹಿಡಿದವಳು ಪ್ರತೀಕ್ಷಾನೇ. "ಮಮ್ಮಿ, ದೆನ್ ಹೌ ಡಿಡ್ ಹಿ ಸ್ಟಡಿ?" ಅಂದಳು. ನನಗೂ ಅದೇ ಕುತೂಹಲ. ಅತ್ತೆಯವರು ಮುಟ್ಟಲು ಬಿಡುತ್ತಿರಲಿಲ್ಲವೋ, ಮನೆಯಲ್ಲಿ ಚಿಮಣಿ ಎಣ್ಣೆಗೇ ಗತಿ ಇರಲಿಲ್ಲವೋ?

ಅವಳು ಆರಕ್ಕೆ ಟ್ಯೂಶನ್‌ನಿಂದ ಬರುತ್ತಾಳೆ. ಎಣ್ಣೆ ಸಿಂಕಿನ ಕೆಳಗಿದೆ, ಹೊಸ ಬತ್ತಿ ಹಾಕಿಟ್ಟಿದ್ದೇನೆ. ದೀಪವನ್ನು ಬಾಲ್ಕನಿಗೆ ಒಯ್ಯಿರಿ. ಒಳಗೆ ಹಚ್ಚಿದರೆ ಹೊಗೆಯ ಅಲಾರಂ ಕೂಗಿ ವಾಚ್‌ಮನ್ ಓಡಿ ಬರುತ್ತಾನೆ.

ಅವಳು ಬರುವುದರೊಳಗೆ ಅದರ ಬೆಳಕಿನಲ್ಲಿ ಒಂದು ಪುಟವಾದರೂ ಓದಿ ಮುಗಿಸಿ. ಬೆಲೆ ಅರ್ಧಕ್ಕಿಳಿದರೂ ಇಳಿಯಲಿ, ನೀವು ಹೇಳಿದ್ದು ನಿಜವಾಗಲಿ.

ಸುವರ್ಣಾ