ಇಬ್ಬರಿಗೂ ಈಜು ಬರುವುದಿಲ್ಲ

ಅವ್ವಾ,

ತೇಲಲು ಲಾರಿ ಟ್ಯೂಬು ತರಲೆಂದು ಬೆಳಗಾವಿಗೆ ಹೋಗುತ್ತಿದ್ದೇನೆ. ದೋಣಿಯ ಹುಟ್ಟುಗಳನ್ನು ಕಾಳಿನ ಕೋಣೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಕೀಲಿ ಸೆರಗಿಗೆ ಕಟ್ಟಿಕೋ.

ಅಪ್ಪ, ಮದಾರಸಾಬ ಕಾಕಾ ಸೇರಿ ಆರು ತಿಂಗಳು ಡಾಂಬರು ಬಳಿದ ಆ ಹಳೇ ದೋಣಿ ಮುಳುಗುವುದಿಲ್ಲ, ಮುಳುಗುವವರು ಇವರೇ. ಈಜು ಬರುತ್ತದೆಯೇ ಎಂದು ನಿನ್ನೆ ಕಾಕಾನನ್ನು ಕೇಳಿದೆ. "ನನಗ್ಯಾಕ ಬೇಕವ್ವಾ? ನಿಮ್ಮಪ್ಪ ಮೀನಿದ್ದಂಗ ಅದಾನ!" ಅಂದರು. ಅಪ್ಪನನ್ನು ಕೇಳಿದರೆ, "ನಮ್ಮ ಮದಾರ ಅದಾನಲ್ಲ!" ಮೂವತ್ತು ವರ್ಷಗಳಿಂದ ಒಬ್ಬರ ಬಡಾಯಿಯನ್ನು ಇನ್ನೊಬ್ಬರು ನಂಬಿದ್ದಾರೆ.

ಅವಲಕ್ಕಿ, ಚಹಾ ಕೊಟ್ಟು ಮಾತಿಗೆ ಕೂರಿಸು. ನಾನು ಬರುವವರೆಗೆ ಮಲಪ್ರಭೆಯ ಕಡೆ ಬಿಡಬೇಡ. ನಿಜವನ್ನಂತೂ ಹೇಳಲೇಬೇಡ. ಗೊತ್ತಾದರೆ ಒಬ್ಬರಿಗೊಬ್ಬರು ಈಜು ಕಲಿಸಲು ಇವತ್ತೇ ನೀರಿಗಿಳಿಯುತ್ತಾರೆ.

ಕಾಂತಾ